ಹದಿಹರೆಯದವರೂ ಸುದ್ದಿಯ ಕನ್ನಡಿಯೂ

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ತಾಯಂದಿರು ಪಾತ್ರೆಯ ಅನ್ನವನ್ನೆಲ್ಲ ಹಿಚುಕಿ ನೋಡುವುದಿಲ್ಲ. ಸೌಟಿನ ತುದಿಯಲ್ಲಿ ಒಂದು ಅಗುಳನ್ನು ತೆಗೆದು ಬೆರಳಿನಲ್ಲಿ ಒತ್ತುತ್ತಾರೆ. ಅದು ಬೆಂದಿದ್ದರೆ ಉಳಿದುದೂ ಬೆಂದಿದೆ ಎಂದು ಪಾತ್ರೆಯನ್ನು ಇಳಿಸುತ್ತಾರೆ. ನಮ್ಮ ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕ ನ್ಯಾಯ ಎಂದು ಕರೆದರು. ಸ್ಥಾಲಿ ಎಂದರೆ ಪಾತ್ರೆ, ಪುಲಾಕ ಎಂದರೆ ಅಗುಳು. ಒಂದರಿಂದ ಹಲವನ್ನು ಅರಿಯುವ ಈ ದಾರಿ ಬಹಳ ಸುಲಭವಾದದ್ದು, ಉಪಯುಕ್ತವಾದದ್ದು. ಆದರೆ ಅದಕ್ಕೆ ಒಂದು ನಿಬಂಧನೆ ಉಂಟು. ಪಾತ್ರೆ ಒಂದೇ ಆಗಿರಬೇಕು, ಅಕ್ಕಿ ಒಂದೇ ಆಗಿರಬೇಕು, ನೀರು, ಉರಿ, ಕಾಲ ಎಲ್ಲವೂ ಎಲ್ಲ ಅಗುಳಿಗೂ ಸಮನಾಗಿ ದೊರೆತಿರಬೇಕು. ಈ ನಿಬಂಧನೆ ತಪ್ಪಿದ ಕಡೆ ಆ ನ್ಯಾಯವೇ ಅನ್ಯಾಯವಾಗುತ್ತದೆ.

ಹಾಗೆ ಅನ್ಯಾಯವಾಗಿರುವ ಒಂದು ಕಡೆಯನ್ನು ಓದುಗರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಹದಿಮೂರರಿಂದ ಹತ್ತೊಂಬತ್ತರವರೆಗಿನ ನಮ್ಮ ಹುಡುಗ ಹುಡುಗಿಯರನ್ನು ಪತ್ರಿಕೆ, ದೂರದರ್ಶನದ ವಾಹಿನಿಗಳು, ಚಲನಚಿತ್ರ, ಈಚೆಗೆ ಅಂಗೈಯಲ್ಲಿಯೇ ಕುಳಿತಿರುವ ಮೊಬೈಲು—ಇವು ಯಾವ ಬಣ್ಣದಲ್ಲಿ ತೋರಿಸುತ್ತವೆ? ಆ ಬಣ್ಣ ಎಷ್ಟರ ಮಟ್ಟಿಗೆ ನಿಜ? ಅದನ್ನು ನಂಬಿದ್ದರಿಂದ ನಮಗೂ ಆ ಮಕ್ಕಳಿಗೂ ಆಗುವುದೇನು? ಇವೇ ಇಲ್ಲಿನ ಪ್ರಶ್ನೆಗಳು.

ನಾನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದವನು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವುದಕ್ಕೆ ಮೊದಲು ಚನ್ನಗಿರಿಯೂ ಹೊನ್ನಾಳಿಯೂ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ನ್ಯಾಮತಿ ಹೊನ್ನಾಳಿಯ ಒಳಗೇ ಇದ್ದು ಈಚೆಗೆ ಬೇರೆ ತಾಲ್ಲೂಕಾಯಿತು. ಒಂದೇ ಜಿಲ್ಲೆಯಾದರೂ ಈ ನಾಲ್ಕರ ನೀರು, ನೆಲ, ಬದುಕು ಬೇರೆ ಬೇರೆ. ಸೂಳೆಕೆರೆಯ ಆಸರೆಯ ಚನ್ನಗಿರಿಯಲ್ಲಿ ಅಡಿಕೆ ತೋಟ, ಜಗಳೂರಿನಲ್ಲಿ ಮಳೆ ಬಂದರೆ ಬೆಳೆ, ಇಲ್ಲವಾದರೆ ಗುಳೆ, ಹೊನ್ನಾಳಿಗೆ ತುಂಗಭದ್ರೆ, ನ್ಯಾಮತಿ ಕಡೆಗೆ ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಮತ್ತು ಸುತ್ತಲಿನ ತಾಂಡಾಗಳು. ಇಷ್ಟು ಪಾತ್ರೆಗಳಲ್ಲಿ, ಇಷ್ಟು ಬಗೆಯ ಉರಿಯಲ್ಲಿ ಬೇಯುವ ಅಗುಳುಗಳನ್ನು ಒಂದೇ ಅಗುಳಿನಿಂದ ಅಳೆಯುವುದು ಹೇಗೆ ಸಾಧ್ಯ?

ಪ್ರಕೃತ ವಿಷಯಕ್ಕೆ ಬರೋಣ. 2021ರ ಡಿಸೆಂಬರಿನಲ್ಲಿ ಚನ್ನಗಿರಿ ತಾಲ್ಲೂಕಿನ ಹೆಸರು ಇದ್ದಕ್ಕಿದ್ದಂತೆ ದೇಶದ ಬಾಯಿಗೆ ಬಿತ್ತು. ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲವು ಹುಡುಗರು ಪಾಠ ಹೇಳಲು ಬಂದ ಹಿರಿಯ ಶಿಕ್ಷಕರ ತಲೆಯ ಮೇಲೆ ಕಸದ ಬುಟ್ಟಿಯನ್ನು ಮಗುಚಿದರು. ತರಗತಿಯಲ್ಲಿಯೇ ಯಾರೋ ಮೊಬೈಲಿನಲ್ಲಿ ಹಿಡಿದ ಆ ದೃಶ್ಯ ಊರಿಂದೂರಿಗೆ ಹರಿದಾಡಿ, ವಾಹಿನಿಗಳಿಗೆ ಏರಿ, ದಿನವೆಲ್ಲ ತಿರುತಿರುಗಿ ಬಂದಿತು. ಆಗ ಶಿಕ್ಷಣ ಸಚಿವರಾಗಿದ್ದ ಶ್ರೀ ಬಿ. ಸಿ. ನಾಗೇಶ್ ಅವರು ಇದನ್ನು ಸಹಿಸಲಾಗದೆಂದು ಖಂಡಿಸಿದರು. ಇಲಾಖೆಯೂ ಪೊಲೀಸರೂ ವಿಚಾರಣೆಗೆ ತೊಡಗಿದರು. ಶಿಕ್ಷಕರು ಮಾತ್ರ ಮಕ್ಕಳ ಮೇಲೆ ದೂರು ಕೊಡಲು ಮನಸ್ಸು ಮಾಡಲಿಲ್ಲವೆಂದು ವರದಿಯಾಯಿತು. ಆ ಊರಿನ ಹೆಸರನ್ನು ಎಲ್ಲರೂ ಬರೆದರು. ನಾನು ಬರೆಯುವುದಿಲ್ಲ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಆ ಕೃತ್ಯ ನೀಚವಾದದ್ದು. ಇದರಲ್ಲಿ ಎರಡು ಮಾತಿಲ್ಲ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ಆ ದೃಶ್ಯ ಯಾರೋ ಪರರದೆಂದು ತೋರುವುದಿಲ್ಲ. ಬುಟ್ಟಿ ನನ್ನ ತಲೆಯ ಮೇಲೆಯೇ ಬಿದ್ದಂತಾಯಿತು. ತಪ್ಪನ್ನು ಸಣ್ಣದು ಮಾಡಿ ತೋರಿಸುವುದು ಈ ಬರವಣಿಗೆಯ ಉದ್ದೇಶವಲ್ಲ. ಆದರೆ ಆ ವಾರ ನಾವು ಕೇಳಿದ ಮಾತುಗಳನ್ನು ಸ್ವಲ್ಪ ನೆನೆದುಕೊಳ್ಳಿ. ಬಸ್ ನಿಲ್ದಾಣದಲ್ಲಿ, ಕ್ಷೌರದಂಗಡಿಯಲ್ಲಿ, ನಮ್ಮ ಶಿಕ್ಷಕರ ಕೊಠಡಿಯಲ್ಲಿ ಕೇಳಿಬಂದದ್ದು ‘ಆ ಹುಡುಗರು ಹೀಗೆ ಮಾಡಿದರು’ ಎಂಬುದಲ್ಲ. ‘ಈಗಿನ ಹುಡುಗರೇ ಹೀಗೆ’ ಎಂಬುದು. ‘ಆ’ ಎನ್ನುವ ಕಡೆ ‘ಈಗಿನ’ ಎಂದಾಯಿತು. ವ್ಯಾಕರಣದಲ್ಲಿ ಇದು ಒಂದು ವಿಶೇಷಣದ ಬದಲಾವಣೆ. ಬದುಕಿನಲ್ಲಿ ಇದು ಲಕ್ಷಾಂತರ ಮಕ್ಕಳ ಮೇಲೆ ಹೊರಿಸಿದ ಆರೋಪ.

ಆ ದೃಶ್ಯದಲ್ಲಿ ಕಾಣದೆ ಹೋದದ್ದು ಯಾವುದು ಎಂಬುದನ್ನು ನೋಡೋಣ. ತರಗತಿಯ ನೆಲದ ಮೇಲೆ ಗುಟ್ಕಾ ಪೊಟ್ಟಣಗಳು ಬಿದ್ದಿದ್ದುವೆಂದೂ, ಶಿಕ್ಷಕರು ಶಿಸ್ತಿನ ಮಾತು ಹೇಳಿದ್ದರಿಂದ ಗಲಾಟೆ ಮೊದಲಾಯಿತೆಂದೂ ವರದಿಗಳಲ್ಲಿ ಬಂದಿತು. ಆದರೆ ಆ ಪೊಟ್ಟಣಗಳನ್ನು ಮಾರಿದವರು ಯಾರು ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ನಮ್ಮ ರಾಜ್ಯದಲ್ಲಿ ಗುಟ್ಕಾವನ್ನು 2013ರಲ್ಲಿಯೇ ನಿಷೇಧಿಸಲಾಗಿದೆ. 2003ರ ತಂಬಾಕು ನಿಯಂತ್ರಣ ಕಾಯಿದೆಯ ಪ್ರಕಾರ ಆಗ ಹದಿನೆಂಟು ತುಂಬದವರಿಗೆ ತಂಬಾಕಿನ ಪದಾರ್ಥವನ್ನು ಮಾರಬಾರದಾಗಿತ್ತು. ಶಾಲೆಯಿಂದ 100 ಗಜದ ಒಳಗೆ ಯಾರಿಗೂ ಮಾರಬಾರದಾಗಿತ್ತು. ಅಂದಮೇಲೆ ಆ ನೆಲದ ಮೇಲೆ ಬಿದ್ದಿದ್ದ ಪ್ರತಿಯೊಂದು ಪೊಟ್ಟಣಕ್ಕೂ ಒಬ್ಬ ದೊಡ್ಡವರ ಕೈ ತಗಲಿತ್ತು. ಅಡಿಕೆಯನ್ನೇ ನಂಬಿ ಬದುಕುವ ಸೀಮೆಯಲ್ಲಿ ಈ ಪ್ರಶ್ನೆ ಕೇಳುವುದು ಸುಲಭವಲ್ಲ. ನಾನೂ ಎಲೆ ಅಡಿಕೆ ಮೆಲ್ಲುವ ಮನೆತನದವನೇ. ಆದರೂ ಕೇಳಲೇಬೇಕು. ಹುಡುಗನ ಮುಖ ಪರದೆಯ ಮೇಲೆ ಬಂದಿತು, ಅಂಗಡಿಯವನ ಮುಖ ಬರಲಿಲ್ಲ.

ಇನ್ನೊಂದು ಸಂಗತಿ. 2020ರ ಮಾರ್ಚಿಯಿಂದ ಕೊರೋನಾ ಕಾರಣವಾಗಿ ಶಾಲೆಗಳು ಮುಚ್ಚಿದ್ದವು. ನಡುವೆ ಕೆಲವು ತಿಂಗಳು ತೆರೆದು, ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿ, 9ನೆಯ ತರಗತಿಯಿಂದ ಮೇಲಿನವು 2021ರ ಆಗಸ್ಟ್ 23ರಂದು ತೆರೆದವು. ಬೆಳೆಯುವ ವಯಸ್ಸಿನ ಒಂದೂವರೆ ವರ್ಷವನ್ನು ಆ ಮಕ್ಕಳು ಬಹುಪಾಲು ಗಂಟೆಯಿಲ್ಲದೆ, ಸಾಲಿಲ್ಲದೆ, ಮೇಷ್ಟರಿಲ್ಲದೆ ಕಳೆದಿದ್ದರು. ಪಾಠಕ್ಕೆಂದು ಅವರ ಕೈಗೆ ಮೊಬೈಲನ್ನು ಕೊಟ್ಟವರು ನಾವೇ. ಕಾರಣ ಹೇಳುವುದು ಬೇರೆ, ಕ್ಷಮಿಸುವುದು ಬೇರೆ. ಜ್ವರಕ್ಕೆ ಕಾರಣ ಹೇಳುವ ವೈದ್ಯನು ಜ್ವರದ ಪಕ್ಷ ವಹಿಸಿದನೆಂದು ಯಾರೂ ಹೇಳುವುದಿಲ್ಲವಷ್ಟೆ.

ಈಗ ಅಂಕಿಗಳನ್ನು ನೋಡೋಣ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 10ರಿಂದ 19 ವಯಸ್ಸಿನವರು ಸುಮಾರು 25 ಕೋಟಿ. ಅಂದರೆ ಐದು ಜನರಲ್ಲಿ ಒಬ್ಬರು. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿ ಕೊಟ್ಟಿರುವ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ದಾಖಲಾದ ಅಪರಾಧಗಳು 58,24,946. ಅವುಗಳಲ್ಲಿ ಹದಿನೆಂಟು ತುಂಬದವರ ಮೇಲೆ ದಾಖಲಾದವು 30,555. ಸಾವಿರಕ್ಕೆ ಐದು! ಹಿಂದಿನ ವರ್ಷ, ಅಂದರೆ 2021ರಲ್ಲಿ, ಈ ಸಂಖ್ಯೆ 31,170 ಇತ್ತು. ಏರಿಲ್ಲ, ಸ್ವಲ್ಪ ಇಳಿದಿದೆ. ಅದೇ 2022ರಲ್ಲಿ ಮಕ್ಕಳ ಮೇಲೆ ನಡೆದ ಅಪರಾಧಗಳೆಂದು ದಾಖಲಾದವು 1,62,449. ಮಕ್ಕಳು ಮಾಡಿದರೆನ್ನಲಾದ ಒಂದು ತಪ್ಪಿಗೆ ಮಕ್ಕಳ ಮೇಲೆ ನಡೆದ ತಪ್ಪುಗಳು ಐದಕ್ಕೂ ಹೆಚ್ಚು. ಠಾಣೆಯ ಪುಸ್ತಕಕ್ಕೆ ಬಾರದ ತಪ್ಪುಗಳು ಎರಡು ಕಡೆಯೂ ಇರಬಹುದು, ಒಪ್ಪಿದೆ. ಆದರೂ ಹೆದರಬೇಕಾದವರು ಯಾರು, ಹೆದರಿಸುತ್ತಿರುವವರು ಯಾರು ಎಂಬುದನ್ನು ಈ ಮೂರು ಸಂಖ್ಯೆಗಳು ತಕ್ಕಮಟ್ಟಿಗೆ ಹೇಳುತ್ತವೆ.

ಹಾಗಾದರೆ ನಮಗೆ ಬೇರೆಯಾಗಿ ತೋರುವುದೇಕೆ? ಇದಕ್ಕೆ ಮನಶ್ಶಾಸ್ತ್ರದಲ್ಲಿ ಉತ್ತರವುಂಟು. ಯಾವ ಸಂಗತಿಯ ಉದಾಹರಣೆ ನಮಗೆ ಥಟ್ಟನೆ ನೆನಪಿಗೆ ಬರುತ್ತದೆಯೋ ಅದು ಲೋಕದಲ್ಲಿ ಹೆಚ್ಚಾಗಿದೆ ಎಂದು ಮನಸ್ಸು ಎಣಿಸುತ್ತದೆ. ಟ್ವೆರ್ಸ್ಕಿ ಮತ್ತು ಕಾನ್‌ಮನ್ ಎಂಬ ಇಬ್ಬರು ವಿದ್ವಾಂಸರು 1973ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಸುದ್ದಿಯ ಸ್ವಭಾವವೇ ಅಪರೂಪವಾದದ್ದನ್ನು ಆರಿಸುವುದು. ಬೆಳಿಗ್ಗೆ ಐದಕ್ಕೆ ಎದ್ದು ಹಸುವಿಗೆ ಹುಲ್ಲು ಹಾಕಿ, ತಂಗಿಯ ಜಡೆ ಹೆಣೆದು, ಎರಡು ಮೈಲಿ ನಡೆದು ಶಾಲೆಗೆ ಬರುವ ಜಗಳೂರಿನ ಹುಡುಗಿ ಸುದ್ದಿಯಲ್ಲ, ಏಕೆಂದರೆ ಅವಳು ಅಪರೂಪವಲ್ಲ. ಅಪರೂಪವಾದ್ದರಿಂದ ಸುದ್ದಿಯಾದದ್ದು, ಸುದ್ದಿಯಾದ್ದರಿಂದ ಸಾಮಾನ್ಯವೆಂದು ತೋರುತ್ತದೆ. ಈ ವೈಚಿತ್ರ್ಯವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಅರ್ಧ ಭ್ರಮೆ ಕಳೆದಂತೆ.

ನಮ್ಮ ಪತ್ರಿಕೆಗಳಲ್ಲಿ ಹದಿಹರೆಯದವರು ಕಾಣಿಸಿಕೊಳ್ಳುವ ವೇಷಗಳು ಬಹಳವಿಲ್ಲ. ಒಂದು, ಪುಂಡನ ವೇಷ. ಎರಡು, ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದ ದಿನ ಬಾಯಿಗೆ ಸಿಹಿ ಇಡಿಸಿಕೊಳ್ಳುವ ಜಾಣನ ವೇಷ. ಮೂರು, ವೀರನ ವೇಷ. 2019ರ ಆಗಸ್ಟಿನ ನೆರೆಯಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಮುಳುಗಿದ್ದ ಸೇತುವೆಯ ಮೇಲೆ ಹನ್ನೆರಡು ವರ್ಷದ ಬಾಲಕನೊಬ್ಬ ನೀರನ್ನು ಸೀಳಿಕೊಂಡು ಓಡುತ್ತ ಆಂಬುಲೆನ್ಸಿಗೆ ದಾರಿ ತೋರಿದ್ದನ್ನು ತಾವು ನೋಡಿರಬಹುದು. ನಾಲ್ಕು, ಹುಡುಗಿಯಾದರೆ ‘ಪರಾರಿ’ಯಾದವಳ ವೇಷ. ಕೊನೆಯದು, ಸತ್ತವರದು. ಈ ಐದರಲ್ಲಿ ಯಾವುದೂ ಅಲ್ಲದ, ಶೇಕಡ ಐವತ್ತೈದು ಅಂಕ ತೆಗೆದು, ಸಂಜೆ ಕಬಡ್ಡಿ ಆಡಿ, ಅಪ್ಪನೊಂದಿಗೆ ಜಗಳವಾಡಿ ರಾತ್ರಿ ಒಟ್ಟಿಗೆ ಮುದ್ದೆ ಉಣ್ಣುವ ಹುಡುಗನಿಗೆ ಪತ್ರಿಕೆಯಲ್ಲಿ ಸ್ಥಳವಿಲ್ಲ. ನಮ್ಮ ತರಗತಿಗಳಲ್ಲಿ ಕುಳಿತಿರುವವರು ಬಹುಮಟ್ಟಿಗೆ ಅವರೇ.

‘ಪರಾರಿ’ ಎಂಬ ಮಾತನ್ನು ಸ್ವಲ್ಪ ನೋಡಿ. ಪರಾರಿಯಾಗುವವನು ಕಳ್ಳ, ಕೈದಿ. ಹದಿನಾರರ ಹುಡುಗಿ ಮನೆ ಬಿಟ್ಟಳೆಂದರೆ ಆ ಕ್ರಿಯಾಪದ ಅವಳಿಗೆ ಅಂಟುತ್ತದೆ. ಕೆಳಗಿನ ಸಾಲಿನಲ್ಲಿ ಮೊಬೈಲೇ ಕಾರಣವೆಂಬ ಷರಾ ಇರುತ್ತದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇಕಡ 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಹದಿನಾರಕ್ಕೆ ತಾಳಿ ಕಟ್ಟಿಸುವ ಅವಸರ ಹೆಚ್ಚಾಗಿ ದೊಡ್ಡವರದು. ಹುಡುಗಿ ಓಡಿದರೆ ಸುದ್ದಿ. ಓದು ಬಿಡಿಸಿ ಹಸೆಮಣೆಗೆ ಕೂಡಿಸಿದರೆ ಊಟ.

ಇದು ಇಂದು ನಿನ್ನೆಯ ಮಾತೂ ಅಲ್ಲ, ನಮ್ಮ ನಾಡಿನ ಮಾತು ಮಾತ್ರವೂ ಅಲ್ಲ. ಗುರು ಹಿರಿಯರಿಗೆ ಗೌರವ ಕೊಡದ ಯುವಕರನ್ನು ಸಾಕ್ರಟೀಸನು ಬೈದನೆಂದು ಒಂದು ಮಾತು ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ಅದು ಸಾಕ್ರಟೀಸನ ಮಾತೇ ಅಲ್ಲ. ಕೆನೆತ್ ಫ್ರೀಮನ್ ಎಂಬ ವಿದ್ಯಾರ್ಥಿ ಕೇಂಬ್ರಿಜಿನಲ್ಲಿ ಬರೆದ, 1907ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ ಪ್ರಾಚೀನ ಗ್ರೀಕರ ದೂರುಗಳನ್ನು ತನ್ನ ಮಾತಿನಲ್ಲಿ ಒಟ್ಟುಗೂಡಿಸಿ ಹೇಳಿದ್ದು. ಎರಡೂವರೆ ಸಾವಿರ ವರ್ಷದ ಹಿಂದೆಯೂ ದೊಡ್ಡವರು ಹೀಗೆಯೇ ಗೊಣಗುತ್ತಿದ್ದರೆಂಬುದು ಅದರಿಂದ ತಿಳಿಯುತ್ತದೆ. ಅಲ್ಲದೆ, ಹುಡುಗರನ್ನು ಹಳಿಯುವ ಮಾತಾದರೆ ಯಾರು ಹೇಳಿದರೆಂದು ವಿಚಾರಿಸದೆಯೇ ಮುಂದಕ್ಕೆ ಕಳುಹಿಸುತ್ತೇವೆಂಬುದೂ ತಿಳಿಯುತ್ತದೆ.

ಹದಿಹರೆಯವೆಂದರೆ ಬಿರುಗಾಳಿ, ಒತ್ತಡ ಎಂಬ ಕಲ್ಪನೆಗೆ ಶಾಸ್ತ್ರದ ಮುದ್ರೆ ಬಿದ್ದದ್ದು 1904ರಲ್ಲಿ, ಅಮೆರಿಕದ ಸ್ಟ್ಯಾನ್ಲಿ ಹಾಲ್ ಅವರ ದೊಡ್ಡ ಗ್ರಂಥದಿಂದ. ಮುಂದೆ ಡೇನಿಯಲ್ ಆಫರ್ ಎಂಬ ಮನೋವೈದ್ಯರು ಶಿಕಾಗೋ ಕಡೆಯ ಪ್ರೌಢಶಾಲೆಗಳ ಸಾಮಾನ್ಯ ಹುಡುಗರನ್ನು ವರ್ಷಗಟ್ಟಲೆ ಕಂಡು ಮಾತಾಡಿಸಿ 1969ರಲ್ಲಿ ಒಂದು ಪುಸ್ತಕ ಬರೆದರು. ಹೆಚ್ಚಿನ ಹುಡುಗರು ದೊಡ್ಡ ಬಿರುಗಾಳಿಯೇನೂ ಇಲ್ಲದೆ, ತಂದೆತಾಯಿಗಳೊಡನೆ ಸಾಕಷ್ಟು ಹೊಂದಿಕೊಂಡೇ ಆ ವಯಸ್ಸನ್ನು ದಾಟುತ್ತಾರೆ ಎಂಬುದು ಅವರು ಕಂಡ ಫಲ. ಚಿಕಿತ್ಸೆಗೆ ಬಂದವರನ್ನು ಮಾತ್ರ ನೋಡಿ ಎಲ್ಲರ ಮೇಲೂ ಸಿದ್ಧಾಂತ ಕಟ್ಟುವುದು ಆಸ್ಪತ್ರೆಯ ಮಂಚವನ್ನು ನೋಡಿ ಊರಿಗೆಲ್ಲ ಜ್ವರವೆಂದಂತೆ.

ಸುದ್ದಿಯೇ ಗಲಭೆಯನ್ನು ಬೆಳೆಸುವುದೂ ಉಂಟು. 1964ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್ ಎಂಬ ಕಡಲತೀರದ ಊರಿನಲ್ಲಿ ಹುಡುಗರ ಗುಂಪುಗಳಿಗೆ ತಿಕ್ಕಾಟವಾಯಿತು. ಪತ್ರಿಕೆಗಳು ಊರೇ ಹಾಳಾಯಿತೆಂಬಂತೆ ಬರೆದವು. ಸ್ಟ್ಯಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಕೂಲಂಕಷವಾಗಿ ಪರಿಶೀಲಿಸಿ 1972ರಲ್ಲಿ ಪುಸ್ತಕ ಪ್ರಕಟಿಸಿದರು. ನಡೆದದ್ದಕ್ಕಿಂತ ಬರೆದದ್ದು ಬಹಳ ದೊಡ್ಡದಾಗಿತ್ತು. ಮುಂದಿನ ರಜೆಗಳಲ್ಲಿ ಹುಡುಗರೂ ಪೊಲೀಸರೂ ಪತ್ರಿಕೆಯವರೂ ಗಲಭೆಯನ್ನು ನಿರೀಕ್ಷಿಸಿಯೇ ಸೇರಿದರು. ನಿರೀಕ್ಷಿಸಿದ್ದು ಅಲ್ಲಲ್ಲಿ ದೊರೆಯಿತು.

ಹಾಗೆಂದು ಈ ವಯಸ್ಸಿಗೆ ತನ್ನದೇ ಆದ ಅಪಾಯವಿಲ್ಲವೆಂದು ಹೇಳಲಾಗದು. ಮುಂದಾಲೋಚನೆ, ಸಂಯಮ ಇವುಗಳಿಗೆ ಆಧಾರವಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ, ಸುಮಾರು ಇಪ್ಪತ್ತೈದರ ಹೊತ್ತಿಗೆ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬವರು ಗಣಕಯಂತ್ರದ ಮೇಲೆ ಕಾರು ಓಡಿಸುವ ಒಂದು ಆಟವನ್ನು ಬೇರೆ ಬೇರೆ ವಯಸ್ಸಿನವರಿಗೆ ಕೊಟ್ಟು ನೋಡಿದರು. ಒಬ್ಬರೇ ಆಡುವಾಗಿಗಿಂತ ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಬಹಳ ಹೆಚ್ಚು ಸಾಹಸಕ್ಕೆ ಕೈಹಾಕಿದರು. ಇಪ್ಪತ್ನಾಲ್ಕು ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಈಗ ಆ ಚನ್ನಗಿರಿಯ ತರಗತಿಯನ್ನು ನೆನೆಯಿರಿ: ನಾಲ್ಕು ಜನ ನಗುವವರು, ಎದುರಿಗೆ ಒಂದು ಮೊಬೈಲು. ಮೊಬೈಲಿನ ಕಣ್ಣು ಎಂದರೆ ಸಾವಿರ ಗೆಳೆಯರ ಕಣ್ಣು. ಅದೇ ದೃಶ್ಯವನ್ನು ವಾಹಿನಿ ದಿನಕ್ಕೆ ಐವತ್ತು ಸಲ ತೋರಿಸಿದರೆ, ಖಂಡಿಸುತ್ತಿದ್ದೇನೆಂದುಕೊಂಡು ಅದು ಆ ನೋಡುವವರ ಸಾಲನ್ನೇ ಉದ್ದ ಮಾಡುತ್ತದೆ.

ಇನ್ನು ಈ ಹೆಸರು ಅಂಟಿದ ಮಕ್ಕಳಿಗೆ ಏನಾಗುತ್ತದೆ ಎಂಬ ವಿಚಾರ. ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ರೋಸೆಂಥಾಲ್ ಮತ್ತು ಜೇಕಬ್ಸನ್ ಎಂಬವರು, ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳ ಹೆಸರನ್ನು ಹೇಳಿ, ‘ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ’ ಎಂದು ಶಿಕ್ಷಕರಿಗೆ ತಿಳಿಸಿದರು. ವರ್ಷದ ಕೊನೆಗೆ, ವಿಶೇಷವಾಗಿ ಕೆಳಗಿನ ತರಗತಿಗಳಲ್ಲಿ, ಆ ಮಕ್ಕಳು ಮುಂದೆ ಬಂದಿದ್ದರೆಂದು 1968ರಲ್ಲಿ ಬರೆದರು. ಈ ಪ್ರಯೋಗದ ಮೇಲೆ ವಿದ್ವಾಂಸರಲ್ಲಿ ವಾದ ನಡೆದಿದೆ. ಪರಿಣಾಮ ಅಷ್ಟು ದೊಡ್ಡದಲ್ಲವೆಂದು ಹೇಳುವವರಿದ್ದಾರೆ. ಆದರೆ ಶಿಕ್ಷಕನ ನೋಟ ಮಗುವಿಗೆ ತಗಲುತ್ತದೆ ಎಂಬುದಕ್ಕೆ ನನಗೆ ಪುಸ್ತಕದ ಸಾಕ್ಷಿ ಬೇಡ. ನನ್ನದೇ ಸಾಕ್ಷಿ ಇದೆ. ಅದು ನನಗೆ ಹೆಮ್ಮೆ ತರುವಂಥದಲ್ಲ.

ಆ ಕಸದ ಬುಟ್ಟಿಯ ದೃಶ್ಯ ಬಂದ ಮಾರನೆಯ ವಾರ. ನಾನಾಗ ನ್ಯಾಮತಿ ಕಡೆಯ ಒಂದು ಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ. ಪಾಠದಲ್ಲಿ ಹೊಸ ಶಬ್ದ ಬಂದರೆ ‘ಹಂಗಂದ್ರೇನು ಸಾ?’ ಎಂದು ಕೇಳುವ ಅಭ್ಯಾಸ ಅವನಿಗೆ. ಆ ದಿನಗಳಲ್ಲಿ ಅವನು ತರಗತಿಯಲ್ಲಿ ತೂಗಡಿಸತೊಡಗಿದ. ಕಣ್ಣು ಕೆಂಪಗಿರುತ್ತಿತ್ತು. ಬೆರಳ ತುದಿಯೆಲ್ಲ ಕಂದು ಕರೆ. ಮೊದಲಾಗಿದ್ದರೆ ಹತ್ತಿರ ಕರೆದು ‘ಯಾಕೋ ಮರಿ, ಮೈಗೆ ಹುಷಾರಿಲ್ಲವೇನೋ’ ಎನ್ನುತ್ತಿದ್ದೆ. ಆ ವಾರ ನನ್ನ ಕಣ್ಣಿನಲ್ಲಿ ವಾಹಿನಿಯ ಚಿತ್ರ ತುಂಬಿತ್ತು. ಎಲ್ಲರೆದುರಿಗೆ ಎಬ್ಬಿಸಿ ನಿಲ್ಲಿಸಿ, ಚೀಲವನ್ನು ಮೇಜಿನ ಮೇಲೆ ಸುರಿಸಿ, ‘ಎಲ್ಲಿಟ್ಟಿದ್ದೀಯೋ ಪೊಟ್ಟಣ?’ ಎಂದೆ. ಚೀಲದಲ್ಲಿ ಎರಡು ನೋಟುಪುಸ್ತಕ, ಒಂದು ಕನ್ನಡ ಪುಸ್ತಕ, ಪ್ಲಾಸ್ಟಿಕ್ ಚೀಟಿನಲ್ಲಿ ಕಟ್ಟಿದ ಒಂದು ರೊಟ್ಟಿ ಇದ್ದವು. ತರಗತಿ ನಕ್ಕಿತು. ಅವನು ಏನೂ ಹೇಳಲಿಲ್ಲ. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಆರನೆಯ ದಿನ ಅವನ ಮನೆಗೆ ಹೋದೆ. ತಾಯಿ ಚಾಪೆ ಹಾಸಿ, ‘ಬರ್ರಿ ಮೇಷ್ಟ್ರೆ’ ಎಂದು ಕೂಡಿಸಿ, ನೀರು ಕೊಟ್ಟಳು. ಅವನ ತಂದೆ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ. ಸುಗ್ಗಿಯ ಕಾಲ, ಖೇಣಿಯವರ ಮನೆಯಲ್ಲಿ ರಾತ್ರಿಯೆಲ್ಲ ಅಡಿಕೆ ಬೇಯುತ್ತಿತ್ತು. ತಂದೆಯ ಬದಲಿಗೆ ಹುಡುಗ ಹೋಗಿ ಹಂಡೆಯ ಉರಿ ಕಾಯುತ್ತಿದ್ದ, ಸುಲಿದ ಅಡಿಕೆ ಹೊತ್ತು ಹಾಕುತ್ತಿದ್ದ. ಕಣ್ಣಿನ ಕೆಂಪು ಹೊಗೆಯದು. ಬೆರಳಿನ ಕರೆ ಚೊಗರಿನದು. ‘ಹೇಳಬಾರದಾಗಿತ್ತೇನೋ?’ ಎಂದೆ. ‘ನೀವು ಕೇಳ್ಲಿಲ್ಲ ಸಾ’ ಎಂದ.

ನಾನು ತರಗತಿಯಲ್ಲಿಯೇ ಎಲ್ಲರೆದುರಿಗೆ ತಪ್ಪೊಪ್ಪಿಕೊಂಡೆ. ಹುಡುಗ ಶಾಲೆಗೆ ಬಂದ, ಪಾಸೂ ಆದ. ಆದರೆ ಮುಂದಿನ ಸಾಲಿಗೆ ಅವನು ಮತ್ತೆ ಬರಲಿಲ್ಲ. ಶಬ್ದದ ಅರ್ಥವನ್ನು ಅವನು ಮತ್ತೆಂದೂ ಕೇಳಲಿಲ್ಲ. ಕ್ಷಮೆ ದೊರೆತರೂ ಕಳೆದುಹೋದದ್ದು ದೊರೆಯುವುದಿಲ್ಲ ಎಂಬುದನ್ನು ನಾನು ಅವನಿಂದ ಕಲಿತೆ.

ಈ ಕೊನೆಯ ಮಾತು ‘ನೀವು ಕೇಳ್ಲಿಲ್ಲ’ ಎಂಬುದೇ ನಮ್ಮ ಸುದ್ದಿಯ ದೊಡ್ಡ ಕೊರತೆ. ಹದಿಹರೆಯದವರ ಬಗ್ಗೆ ಪೊಲೀಸರನ್ನು ಕೇಳುತ್ತಾರೆ, ಮಂತ್ರಿಗಳನ್ನು ಕೇಳುತ್ತಾರೆ, ನಮ್ಮಂಥ ಮೇಷ್ಟರುಗಳನ್ನೂ ಕೇಳುತ್ತಾರೆ, ಅವರನ್ನೇ ಕೇಳುವುದಿಲ್ಲ. ಹೊನ್ನಾಳಿ ರಸ್ತೆಯಲ್ಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದ ಹುಡುಗರ ಚಿತ್ರಕ್ಕೆ ‘ಪುಂಡಾಟ’ ಎಂದು ಶೀರ್ಷಿಕೆ ಕೊಡುವುದು ಸುಲಭ. ಕೆಳಗಿಳಿದು ‘ಏಕೆ ಜೋತುಬಿದ್ದೆ?’ ಎಂದು ಕೇಳಿದರೆ, ಶಾಲೆಯ ಹೊತ್ತಿಗೆ ಇರುವುದು ಅದೊಂದೇ ಬಸ್ಸು ಎಂಬ ಉತ್ತರ ಬಂದೀತು. ಆಗ ಶೀರ್ಷಿಕೆ ಬೇರೆಯಾಗುತ್ತದೆ. ಉತ್ತರ ಕೊಡಬೇಕಾದವರೂ ಬೇರೆಯಾಗುತ್ತಾರೆ.

ಕಥೆ, ಚಿತ್ರಗಳಲ್ಲಿಯೂ ಒರಟು ಹುಡುಗರು ಬರುತ್ತಾರಲ್ಲವೆ ಎಂದು ತಾವು ಕೇಳಬಹುದು. ಬರುತ್ತಾರೆ. ನಮ್ಮ ಜಿಲ್ಲೆಯ ಮಲೇಬೆನ್ನೂರಿನಲ್ಲಿ ಹುಟ್ಟಿದ ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ‘ನಾಗರಹಾವು’ ಚಿತ್ರದ ರಾಮಾಚಾರಿಗಿಂತ ಒರಟ ಬೇಕೆ? ಪ್ರಾಂಶುಪಾಲರನ್ನೇ ಕಂಬಕ್ಕೆ ಕಟ್ಟಿದವನು ಅವನು. ಊರು ಅವನನ್ನು ಹಾವೆಂದಿತು. ಆದರೆ ಚಿತ್ರ ಅವನ ಜೊತೆ ಮೂರು ಗಂಟೆ ಕುಳಿತು, ಅವನ ಕೋಪದ ಹಿಂದಿನ ನೋವನ್ನು ನಮಗೆ ಕಾಣಿಸಿತು; ಅವನನ್ನು ಮಗನಂತೆ ಕಂಡ ಚಾಮಯ್ಯ ಮೇಷ್ಟರನ್ನೂ ಕಾಣಿಸಿತು. ಅವನ ತಪ್ಪನ್ನು ಮರೆಮಾಡದೆಯೇ ಅವನನ್ನು ಮನುಷ್ಯನನ್ನಾಗಿ ತೋರಿಸಿತು. ಒಂದು ಶೀರ್ಷಿಕೆಗೂ ಮೂವತ್ತು ಸೆಕೆಂಡಿನ ದೃಶ್ಯಕ್ಕೂ ಆ ಅವಕಾಶವಿಲ್ಲ. ಅವಕಾಶವಿಲ್ಲದವರು ತೀರ್ಪು ಕೊಡುವಾಗ ಸ್ವಲ್ಪ ಸಂಕೋಚಪಡಬೇಕು.

ತೀರ್ಪಿನ ಮಾತು ಬಂದಿತು. ಇದು ಬರಿಯ ಹೆಸರಿನ ವಿಚಾರವಲ್ಲ, ಕಾನೂನಿನವರೆಗೂ ಹೋಗುವ ವಿಚಾರ. 2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸಿನಲ್ಲಿ ನಡೆದ ಘೋರ ಕೃತ್ಯದ ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ದೇಶದ ಸಿಟ್ಟು ಆ ವಯಸ್ಸಿನ ಮೇಲೆಯೇ ತಿರುಗಿತು. ನ್ಯಾಯಮೂರ್ತಿ ಜೆ. ಎಸ್. ವರ್ಮ ಅವರ ಸಮಿತಿ 2013ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ ವಯಸ್ಸಿನ ಮಿತಿಯನ್ನು ಇಳಿಸಲು ಶಿಫಾರಸು ಮಾಡಲಿಲ್ಲ. ಆದರೂ 2015ರ ಬಾಲನ್ಯಾಯ ಕಾಯಿದೆ, 2016ರ ಜನವರಿ 15ರಿಂದ ಜಾರಿಗೆ ಬಂದು, ಘೋರ ಅಪರಾಧಗಳಲ್ಲಿ 16ರಿಂದ 18ರ ನಡುವಿನವರನ್ನು ದೊಡ್ಡವರಂತೆ ವಿಚಾರಿಸಲು ದಾರಿ ತೆರೆಯಿತು. ಅದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಒಂದು ಅಗುಳು ಪಾತ್ರೆಯನ್ನೇ ಬದಲಾಯಿಸಬಲ್ಲದು ಎಂಬುದನ್ನಷ್ಟೇ ಇಲ್ಲಿ ಗಮನಿಸಬೇಕು.

ಅದೇ ಕಾಯಿದೆಯ 74ನೆಯ ಕಲಮನ್ನು ಮಾತ್ರ ನಾವು ಮರೆತಿದ್ದೇವೆ. ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಾಗಲಿ, ಅನ್ಯಾಯಕ್ಕೆ ಒಳಗಾದ ಮಗುವಾಗಲಿ, ಸಾಕ್ಷಿಯಾದ ಮಗುವಾಗಲಿ—ಅವರ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವ ಯಾವ ವಿವರವನ್ನೂ ಪತ್ರಿಕೆಯಲ್ಲಿಯಾಗಲಿ ದೃಶ್ಯಮಾಧ್ಯಮದಲ್ಲಿಯಾಗಲಿ ಪ್ರಕಟಿಸಬಾರದು. ತಪ್ಪಿದರೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಶಾಲೆಯ ಹೆಸರೂ ಈ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸಿ. ಚನ್ನಗಿರಿಯ ಆ ಊರಿನ ಹೆಸರನ್ನು ನಾನು ಬರೆಯದಿರುವು ಇದಕ್ಕೇ. ಬುಟ್ಟಿ ಎತ್ತಿದ ಕೈಗಳು ಕೆಲವು. ಆ ಶಾಲೆಯ ಹೆಸರನ್ನು ತಮ್ಮ ಅಂಕಪಟ್ಟಿಯಲ್ಲಿ ಜೀವಮಾನವೆಲ್ಲ ಹೊತ್ತು ತಿರುಗುವ ಮಕ್ಕಳು ಎಷ್ಟೋ.

ಹಾಗಾದರೆ ನಾವು ಮಾಡಬೇಕಾದ್ದೇನು? ನನಗೆ ತೋರಿದ ನಾಲ್ಕು ಮಾತನ್ನು ಹೇಳುತ್ತೇನೆ. ಸುದ್ದಿಯಲ್ಲಿ ‘ಈಗಿನ ಹುಡುಗರು’ ಎಂಬ ಮಾತು ಕಂಡೊಡನೆ, ಎಷ್ಟು ಜನ ಎಂದು ಕೇಳಿಕೊಳ್ಳಿ. ಎರಡನೆಯದಾಗಿ, ಆ ಸುದ್ದಿಯಲ್ಲಿ ದೊಡ್ಡವರ ಪಾಲು ಎಲ್ಲಿ ಅಡಗಿದೆ ಎಂದು ಹುಡುಕಿ: ಮಾರಿದವರು, ಕೊಟ್ಟವರು, ಕಂಡೂ ಕಾಣದಂತೆ ಇದ್ದವರು. ಮೂರನೆಯದಾಗಿ, ಮಕ್ಕಳ ಅವಮಾನದ ದೃಶ್ಯ ತಮ್ಮ ಮೊಬೈಲಿಗೆ ಬಂದರೆ ಅದು ಅಲ್ಲಿಯೇ ನಿಲ್ಲಲಿ, ಮುಂದಕ್ಕೆ ಕಳುಹಿಸಬೇಡಿ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ತಮ್ಮ ಮನೆಯ ಹುಡುಗನನ್ನೋ ಹುಡುಗಿಯನ್ನೋ ಆ ಸುದ್ದಿಯ ಬಗ್ಗೆ ಕೇಳಿ. ಅವರು ಹೇಳುವ ಉತ್ತರ ಎಷ್ಟೋ ಸಲ ನಮ್ಮದಕ್ಕಿಂತ ಕಠಿಣವಾಗಿಯೂ ನ್ಯಾಯವಾಗಿಯೂ ಇರುತ್ತದೆ. ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕೆಂದು ನಮ್ಮ ಹಿರಿಯರು ಬುದ್ಧಿ ಹೇಳಿದ್ದು ಸುಮ್ಮನೆ ಅಲ್ಲ. ಗೆಳೆಯನನ್ನು ನಾವು ಮೊದಲು ಕೇಳುತ್ತೇವೆ, ಆಮೇಲೆ ಬೈಯುತ್ತೇವೆ.

ಈ ಮಾತುಗಳನ್ನು ಬಾನುಲಿಯ ಪತ್ರಿಕೆಯಲ್ಲಿ ಬರೆಯುತ್ತಿರುವುದು ನನಗೆ ಉಚಿತವಾಗಿಯೇ ತೋರುತ್ತದೆ. 1935ರಲ್ಲಿ ಮೈಸೂರಿನಲ್ಲಿ, ತಮ್ಮ ಮನೆಯಲ್ಲಿಯೇ, ‘ಆಕಾಶವಾಣಿ’ ಎಂಬ ಹೆಸರನ್ನು ಪಡೆದ ಆ ಪುಟ್ಟ ಕೇಂದ್ರವನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕನ್ನಡ ನಾಡಿನ ಬಾನುಲಿ ಹುಟ್ಟಿದ್ದು ಹೀಗೆ, ಮನಸ್ಸನ್ನು ಓದುವ ಒಬ್ಬ ಮೇಷ್ಟರ ಮನೆಯಲ್ಲಿ. ಮುಂದೆ 1969ರಲ್ಲಿ ದೆಹಲಿಯಿಂದ ಮೊದಲಾದ ಯುವವಾಣಿಯಲ್ಲಿ ಎಳೆಯರು ತಮ್ಮ ಮಾತನ್ನು ತಾವೇ ಆಡಿದರು. ಬಾನುಲಿಗೆ ಮುಖ ತೋರಿಸುವ ಶಕ್ತಿಯಿಲ್ಲ. ಅದು ದನಿಯನ್ನು ಮಾತ್ರ ಕೇಳಿಸಬಲ್ಲದು. ಹದಿಹರೆಯದವರ ವಿಷಯದಲ್ಲಿ ಆ ಕೊರತೆಯೇ ಗುಣವಾಗಿದೆ. ಅವರ ಮುಖವನ್ನು ನಾವು ಸಾಕಷ್ಟು ನೋಡಿದ್ದೇವೆ. ದನಿಯನ್ನು ಕೇಳಿರುವುದು ಕಡಿಮೆ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಗಂಟೆ ಬಾರಿಸುತ್ತದೆ. ಸಾವಿರಾರು ಮಕ್ಕಳು ಸಾಲಾಗಿ ನಿಂತು ನಾಡಗೀತೆ ಹಾಡಿ, ಒಳಗೆ ಹೋಗಿ ಕುಳಿತು, ಪುಸ್ತಕ ತೆರೆಯುತ್ತಾರೆ. ಇದು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.